ಕೆರೆಯನ್ನು ಸುತ್ತಿ ಬರುವ ವಿಷಯ

ಊರಿನ ಕೆರೆಯನ್ನು ಒಂದು ಸುತ್ತು ಸುತ್ತಿ ಬರುವದು ಬಹು ಸುಲಭವಾದ ಕೆಲಸ. ಕೋಲಾರ ಸೀಮೆಯ ನಡುತರದ ಕೆರೆಯಾದರೆ ಬೆಳಗಿನ ತಂಪಿನಲ್ಲಿ ಹೊರಟವನು ಬಿಸಿಲು ಬಲಿಯುವದರೊಳಗೆ ಹೊರಟ ಸ್ಥಳಕ್ಕೇ ಬಂದು ಸೇರುವನು. ಹತ್ತಬೇಕಾದ ಗುಡ್ಡವಿಲ್ಲ, ಈಜಬೇಕಾದ ಹೊಳೆಯಿಲ್ಲ. ಮುದುಕರೂ ಮಕ್ಕಳೂ ಆಯಾಸವಿಲ್ಲದೆ ನಡೆಯಬಹುದು. ಆದರೆ ಇಂಥ ನಡಿಗೆಯಿಂದ ಪ್ರಯೋಜನವೇನೆಂದು ಕೇಳುವವರು ಉಂಟು. ಸಂತೆಗೆ ಹೋದವನು ಉಪ್ಪು ತರುವನು, ಕಾಡಿಗೆ ಹೋದವನು ಸೌದೆ ತರುವನು, ಕೆರೆಯನ್ನು ಸುತ್ತಿದವನು ಏನು ತರುವನು? ಇದು ಪುಣ್ಯಕ್ಕಾಗಿ ಮಾಡುವ ಪ್ರದಕ್ಷಿಣೆಯೂ ಅಲ್ಲ. ಹೀಗಿರುವಲ್ಲಿ ಎಲ್ಲಿಗೂ ಹೋಗದ ನಡಿಗೆಯು ವ್ಯರ್ಥವಲ್ಲವೋ?

ವ್ಯರ್ಥವಲ್ಲವೆಂದು ತೋರಿಸುವದಕ್ಕೆ ನಾವು ಈ ಮಾತುಗಳನ್ನು ಬರೆಯುತ್ತೇವೆ. ಯಾಕಂದರೆ ಊರುಗಳಲ್ಲಿ ಏಳುವ ಜಗಳಗಳಲ್ಲಿ ನೀರಿನ ಜಗಳವು ಹಳೆಯದು. ಅದರಲ್ಲಿ ಪ್ರತಿಯೊಬ್ಬನೂ ತಾನು ಕಂಡದ್ದನ್ನೇ ಹೇಳುತ್ತಾನೆ, ಸುಳ್ಳು ಹೇಳುವವರು ಕೊಂಚ. ಹಾಗಿದ್ದರೂ ನ್ಯಾಯವು ಸಿಕ್ಕುವದಿಲ್ಲ. ಅದೇಕೆ? ನಿಜವನ್ನು ಹೇಳುವ ಹತ್ತು ಮಂದಿ ಸೇರಿ ಅನ್ಯಾಯವನ್ನು ಹೇಗೆ ಮಾಡುತ್ತಾರೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ವಾಚಕರು ನಮ್ಮ ಸಂಗಡ ಕೆರೆಯನ್ನು ಒಮ್ಮೆ ಸುತ್ತಿ ಬರಲಿ.

ಹೊರಡುವ ಮೊದಲು ಈ ಸೀಮೆಯ ಸಂಗತಿಯನ್ನು ಸ್ವಲ್ಪ ತಿಳಿದುಕೊಳ್ಳುವದು ಒಳ್ಳೇದು. ಕೋಲಾರ ಸೀಮೆಯಲ್ಲಿ ವರ್ಷವೆಲ್ಲಾ ಹರಿಯುವ ನದಿಯು ಒಂದೂ ಇಲ್ಲ. ಪಾಲಾರ್ ನದಿ ಇಲ್ಲಿ ಹರಿಯುವದಾದರೂ, ಇಲ್ಲಿ ಅದು ನದಿಯೆನ್ನುವದಕ್ಕಿಂತ ಕೆರೆಗಳ ಸಾಲೆಂದು ಹೇಳುವದೇ ಸರಿ. ಆದದರಿಂದ ಹಿಂದಿನವರು ಮಳೆಯ ನೀರನ್ನು ತಗ್ಗು ತಗ್ಗಿನಲ್ಲಿ ತಡೆದು ನಿಲ್ಲಿಸಿದರು. ೨೦೦೭ನೇ ಇಸವಿಯಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾಗುವದಕ್ಕೆ ಮುಂಚೆ ಕೋಲಾರ ಜಿಲ್ಲೆಯೊಂದರಲ್ಲಿಯೇ ೪,೦೦೦ಕ್ಕೂ ಹೆಚ್ಚು ಕೆರೆಗಳಿದ್ದವು. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರನಾಗಿದ್ದ ಮೇಜರ್ ಸ್ಯಾಂಕಿ ಎಂಬವನು ೧೮೬೬ನೇ ಇಸವಿಯಲ್ಲಿ ಬರೆದದ್ದೇನಂದರೆ, ಈ ದೇಶದಲ್ಲಿ ಹೊಸ ಕೆರೆಗೆ ತಕ್ಕ ಸ್ಥಳವನ್ನು ಹುಡುಕಬೇಕಾದರೆ ಬಹಳ ಜಾಣತನ ಬೇಕು. ಅಷ್ಟರ ಮಟ್ಟಿಗೆ ಹಿಂದಿನವರೇ ಎಲ್ಲಾ ಸ್ಥಳಗಳನ್ನು ಉಪಯೋಗಿಸಿದ್ದಾರೆ ಎಂಬದೇ.

ಈಗ ಊರಿನ ಕಡೆಯಿಂದ ಏರಿಯನ್ನು ಹತ್ತೋಣ. ಮೊದಲು ಕಣ್ಣಿಗೆ ಬೀಳುವದು ನೀರಿಗೆ ಇಳಿಯುವ ಕಲ್ಲುಗಳು. ಇಲ್ಲಿ ಒಂದು ಕಡೆ ಕೊಡ ತುಂಬುವ ಸ್ಥಳ, ಇನ್ನೊಂದು ಕಡೆ ಅಗಸರ ಕಲ್ಲು, ಮತ್ತೊಂದು ಕಡೆ ದನಗಳು ಇಳಿಯುವ ದಾರಿ. ಇಷ್ಟೇ ಆಗಿದ್ದರೆ ನಾವು ಮುಂದಕ್ಕೆ ಹೋಗಬಹುದಾಗಿತ್ತು. ಆದರೆ ಅನೇಕ ಊರುಗಳಲ್ಲಿ ಇನ್ನೊಂದು ವಿಭಾಗವೂ ಇತ್ತು. ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟ ಕುಲದವರು ಎಲ್ಲರೂ ಇಳಿಯುವ ಸ್ಥಳದಲ್ಲಿ ಇಳಿಯಬಾರದು. ದೂರದಲ್ಲಿ ಇಳಿಯಬೇಕು, ಅಥವಾ ಕೊಡವನ್ನಿಟ್ಟು ಯಾರಾದರೂ ಹೊಯ್ಯುವ ತನಕ ಕಾಯಬೇಕು. ಇದು ನಮ್ಮ ಓದುವವರಲ್ಲಿ ಅನೇಕರಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಲ್ಲ. ಅವರ ಅಜ್ಜಿಯರು ಹಾಗೆ ಕಾದಿದ್ದರು.

ಈ ವಿಷಯದಲ್ಲಿ ದೂರದ ಒಂದು ಕೆರೆಯನ್ನು ನಾವು ಜ್ಞಾಪಿಸಿಕೊಳ್ಳುವದು ಯುಕ್ತ. ಹಿಂದಿನ ಮುಂಬಯಿ ಪ್ರಾಂತದ ಮಹಾಡ್ ಎಂಬ ಊರಿನಲ್ಲಿ ಚವದಾರ್ ಕೆರೆ ಉಂಟು. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಆ ಪ್ರಾಂತದ ಶಾಸನಸಭೆಯು ೧೯೨೩ನೇ ಇಸವಿಯಲ್ಲಿ ನಿರ್ಣಯಿಸಿತು. ಅದರ ಮುಂದಿನ ವರ್ಷ ಮಹಾಡಿನ ಪುರಸಭೆಯೂ ತನ್ನ ಕೆರೆಯು ಎಲ್ಲರದ್ದೆಂದು ಒಪ್ಪಿತು. ಆದರೂ ಆ ನೀರನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ೧೯೨೭ನೇ ಇಸವಿ ಮಾರ್ಚ್ ೨೦ನೇ ತಾರೀಖಿನಲ್ಲಿ ಡಾಕ್ಟರ್ ಭೀಮರಾವ್ ಅಂಬೇಡ್ಕರರು ಸಾವಿರಾರು ಮಂದಿಯೊಡನೆ ನಡೆದು ಹೋಗಿ ಆ ಕೆರೆಯ ನೀರನ್ನು ಕುಡಿದರು. ಮೇಲಣವರು ಅವರ ಮೇಲೆ ಬಿದ್ದು ಹೊಡೆದರು. ಆಮೇಲೆ ಕೆರೆಯು ಮೈಲಿಗೆಯಾಯಿತೆಂದು ಹೇಳಿ ಸಗಣಿ, ಗಂಜಲ, ಹಾಲು, ಮೊಸರುಗಳನ್ನು ಕೊಡಗಟ್ಟಲೆ ಸುರಿದು ಶುದ್ಧಿಮಾಡಿದರು. ವ್ಯಾಜ್ಯವು ಕೋರ್ಟುಗಳಲ್ಲಿ ಹತ್ತು ವರ್ಷ ನಡೆದು, ೧೯೩೭ರಲ್ಲಿ ಮುಂಬಯಿ ಹೈಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂಬ ಹೆಸರುಗಳನ್ನೇ ಹೇಳಿ, ಜಾತಿಯ ನಿಮಿತ್ತ ಅಲ್ಲಿ ಯಾರನ್ನೂ ತಡೆಯಬಾರದೆಂದು ಬರೆದಿದೆ. ಇದರಿಂದ ನಾವು ತಿಳಿಯಬೇಕಾದದ್ದೇನು? ಮೇಲಣ ಕಲ್ಲಿನ ಮೇಲೆ ನಿಂತವನು ನೀರು ಎಲ್ಲರಿಗೂ ಸಾಕಷ್ಟಿದೆಯೆಂದು ನೋಡಿದ್ದನು; ಅವನ ಕಣ್ಣು ಸುಳ್ಳು ಹೇಳಲಿಲ್ಲ. ಕಾಯುತ್ತಾ ನಿಂತವಳ ಸ್ಥಳಕ್ಕೆ ಅವನು ಒಂದು ದಿವಸವೂ ನಡೆದುಹೋಗಲಿಲ್ಲ, ಅಷ್ಟೇ.

ಏರಿಯ ಮೇಲೆ ಮುಂದೆ ನಡೆಯುವಾಗ ಬಲಗಡೆ ನೀರು, ಎಡಗಡೆ ಗದ್ದೆ. ಕಾಲ ಕೆಳಗಿರುವ ಈ ಮಣ್ಣನ್ನು ಯಾರು ಹೊತ್ತು ಹಾಕಿದರು? ಕಡಪ ಸೀಮೆಯ ಪೋರುಮಾಮಿಳ್ಳ ಎಂಬಲ್ಲಿ ೧೩೬೯ನೇ ಇಸವಿಯ ಒಂದು ಶಿಲಾಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಗೆ ೧,೦೦೦ ಆಳುಗಳು ದಿನಾಲು ಕೆಲಸ ಮಾಡಿದರೆಂದೂ ೧೦೦ ಬಂಡಿಗಳು ನಡೆದವೆಂದೂ ಎರಡು ವರ್ಷ ಹಿಡಿಯಿತೆಂದೂ ಅದರಲ್ಲಿ ಕಾಣುತ್ತದೆ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಂತಿದೆ. ಮಣ್ಣು ಹೊತ್ತವರದು ಲೆಕ್ಕದಲ್ಲಿ ಮಾತ್ರ ಉಳಿದಿದೆ. ಅದೇ ಶಾಸನವು ಒಳ್ಳೇ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವದು ಒಂದು ದೋಷ. ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆ ಇರುವದು ಇನ್ನೊಂದು. ನೀರು ಕೊಂಚವಾಗಿ ಭೂಮಿ ಬಹಳವಾಗಿರುವದು ಮತ್ತೊಂದು. ಮೊದಲನೆಯದು ಮಣ್ಣಿನ ದೋಷ. ಮಿಕ್ಕ ಎರಡರಲ್ಲಿ ಮನುಷ್ಯರ ಜಗಳವು ಅಡಗಿದೆಯಲ್ಲವೋ? ಆರು ನೂರು ವರ್ಷಗಳ ಹಿಂದೆಯೇ ಕೆರೆ ಕಟ್ಟುವವರು, ಏರಿಯು ಮಣ್ಣಿನಿಂದ ಮಾತ್ರ ನಿಲ್ಲುವದಿಲ್ಲ, ಒಪ್ಪಂದದಿಂದಲೂ ನಿಲ್ಲಬೇಕೆಂದು ಅರಿತಿದ್ದರು.

ಏರಿಯ ನಡುವೆ ತೂಬು ಬರುತ್ತದೆ. ಇಲ್ಲಿಂದ ನೀರು ಕಾಲುವೆಗೆ ಇಳಿದು ಅಚ್ಚುಕಟ್ಟಿಗೆ ಹೋಗುತ್ತದೆ. ತೂಬಿನ ಬಳಿಯಲ್ಲಿ ಗದ್ದೆ ಇರುವವನಿಗೆ ನೀರು ಕೇಳುವ ಅಗತ್ಯವೇ ಇಲ್ಲ, ಅದು ತಾನಾಗಿ ಬರುತ್ತದೆ. ಅಚ್ಚುಕಟ್ಟಿನ ಕೊನೆಯಲ್ಲಿ ಗದ್ದೆ ಇರುವವನು ಮೇಲಿನವರೆಲ್ಲರೂ ತುಂಬಿಕೊಂಡು ಬಿಟ್ಟದ್ದನ್ನು ಕಾಯಬೇಕು. ಹೀಗಿರುವದರಿಂದ ಹಿಂದಿನವರು ನೀರು ಹಂಚುವದಕ್ಕೆ ನೀರುಗಂಟಿ ಎಂಬವನನ್ನು ಇಟ್ಟರು. ಗದ್ದೆಯವರಲ್ಲಿ ಯಾರೂ ತೂಬನ್ನು ಮುಟ್ಟಬಾರದು. ನೀರುಗಂಟಿಯೇ ತೆಗೆಯಬೇಕು, ಅವನೇ ಮುಚ್ಚಬೇಕು. ಅವನಿಗೆ ಸುಗ್ಗಿಯಲ್ಲಿ ಕಣದಿಂದ ಧಾನ್ಯವು ಸಲ್ಲುತ್ತಿತ್ತು. ಈ ಸೀಮೆಯ ಅನೇಕ ಊರುಗಳಲ್ಲಿ ನೀರುಗಂಟಿಯು ಹೊರಗಿಟ್ಟ ಕುಲದವನೇ ಆಗಿದ್ದನು. ಎಂಥ ವಿಚಿತ್ರ ನೋಡಿರಿ: ಇಡೀ ಊರಿನ ನೀರನ್ನು ಅಳೆದು ಕೊಡುವದಕ್ಕೆ ಅವನ ಕೈ ಬೇಕು, ಅದೇ ಕೈ ಮೇಲಣವರ ಬಾವಿಯ ಹಗ್ಗವನ್ನು ಹಿಡಿಯಬಾರದು! ಆದರೂ ಅವನಿಗೆ ಮಿಕ್ಕವರಿಗಿಲ್ಲದ ಒಂದು ಜ್ಞಾನವಿತ್ತು. ಅವನು ದಿನಾಲು ತೂಬಿನಿಂದ ಕೊನೆಯ ಗದ್ದೆಯ ತನಕ ನಡೆಯುತ್ತಿದ್ದನು. ನಡೆಯುವ ಕೆಲಸವೇ ಅವನನ್ನು ನ್ಯಾಯಗಾರನನ್ನಾಗಿ ಮಾಡಿತು.

ಮಳೆ ಕಡಿಮೆಯಾದ ವರ್ಷಕ್ಕೆ ಇನ್ನೊಂದು ಏರ್ಪಾಡು ಇತ್ತು. ಅಚ್ಚುಕಟ್ಟೆಲ್ಲಾ ಬಿತ್ತಿದರೆ ಎಲ್ಲಾ ಒಣಗುವದು. ತೂಬಿನ ಬಳಿಯವರೇ ಬಿತ್ತಿದರೆ ಕೊನೆಯವರು ಉಪವಾಸ. ಆದದರಿಂದ ಕೆಲವು ಊರುಗಳಲ್ಲಿ ಆ ವರ್ಷ ತೂಬಿಗೆ ಹತ್ತಿರವಾದ ಭೂಮಿಯನ್ನು ಮಾತ್ರ ಬಿತ್ತುವದೆಂದೂ, ಅದನ್ನೇ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ದಾಮಾಷಾ ಪ್ರಕಾರ ಪಾಲು ಮಾಡುವದೆಂದೂ ಗೊತ್ತುಮಾಡುತ್ತಿದ್ದರು. ಅಂದರೆ ಬರಗಾಲದಲ್ಲಿ ಮೇಲಿನವನು ತನ್ನ ಗದ್ದೆಯಲ್ಲಿ ಕೆಳಗಿನವನಿಗೆ ಸ್ಥಳ ಕೊಡಬೇಕಾಗಿತ್ತು. ಇಂಥ ನೇಮವನ್ನು ತೂಬಿನ ಬಳಿಯಲ್ಲೇ ಕುಳಿತ ಮನುಷ್ಯನು ಎಂದಿಗೂ ಯೋಚಿಸಲಾರನು. ಕೊನೆಯ ಗದ್ದೆಯ ಬಿರುಕನ್ನು ಕಂಡುಬಂದವರೇ ಅದನ್ನು ಕಂಡುಹಿಡಿದಿರಬೇಕು.

ಏರಿಯ ಆ ತುದಿಯಲ್ಲಿ ಕೋಡಿ ಇದೆ. ಕೆರೆ ತುಂಬಿದಾಗ ಹೆಚ್ಚಿನ ನೀರು ಇಲ್ಲಿಂದ ಹರಿದು ಕೆಳಗಣ ಊರಿನ ಕೆರೆಗೆ ಸೇರುತ್ತದೆ. ಕೋಡಿಯ ಮೇಲೆ ಒಂದು ಸಾಲು ಕಲ್ಲನ್ನೋ ಮಣ್ಣಿನ ಮೂಟೆಯನ್ನೋ ಇಟ್ಟರೆ ನಮ್ಮ ಕೆರೆಯಲ್ಲಿ ಇನ್ನೂ ಒಂದು ಮೊಳ ನೀರು ನಿಲ್ಲುತ್ತದೆ. ಅದರಲ್ಲಿ ತಪ್ಪೇನು? ನಮ್ಮ ಊರಿನ ಮಟ್ಟಿಗೆ ಯೋಚಿಸಿದರೆ ಏನೂ ಇಲ್ಲ. ಆದರೆ ಅಲ್ಲಿ ನಿಂತು ಕೆಳಕ್ಕೆ ನೋಡಿದರೆ ನಮ್ಮ ಹಾಗೆಯೇ ಆಕಾಶವನ್ನು ನೋಡುತ್ತಿರುವ ಇನ್ನೊಂದು ಊರು ಕಾಣುತ್ತದೆ. ಮೇಲಕ್ಕೆ ತಿರುಗಿದರೆ ನಮ್ಮನ್ನು ಹಾಗೆಯೇ ತಡೆಯಬಲ್ಲ ಮತ್ತೊಂದು ಊರು ಇದೆ. ಪ್ರತಿಯೊಂದು ಊರೂ ಒಬ್ಬನಿಗೆ ಮೇಲಿನದು, ಮತ್ತೊಬ್ಬನಿಗೆ ಕೆಳಗಿನದು. ದೊಡ್ಡ ರಾಜ್ಯಗಳಿಗೂ ಇದೇ ಪ್ರಶ್ನೆ ಬಂತು. ೧೮೯೨ನೇ ಇಸವಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸು ಸರ್ಕಾರಕ್ಕೂ ಆದ ಒಡಂಬಡಿಕೆಯಲ್ಲಿ, ಪಾಲಾರ್ ಮೊದಲಾದ ನದಿಗಳ ಮೇಲೆ ಮೈಸೂರಿನವರು ಹೊಸ ಕಟ್ಟೆಗಳನ್ನು ಕಟ್ಟಬೇಕಾದರೆ ಕೆಳಗಿನವರ ಒಪ್ಪಿಗೆ ಬೇಕೆಂದು ಬರೆಯಲ್ಪಟ್ಟಿತು. ಮೇಲಿನವನು ತನ್ನ ನೆಲದ ಮೇಲೆ ಬಿದ್ದ ಮಳೆಯೆಲ್ಲಾ ತನ್ನದೆನ್ನುತ್ತಾನೆ. ಕೆಳಗಿನವನು ಹಿಂದಿನಿಂದ ಬರುತ್ತಿದ್ದ ನೀರು ತನ್ನದೆನ್ನುತ್ತಾನೆ. ಎರಡೂ ಮಾತಿನಲ್ಲಿ ಸತ್ಯವುಂಟು, ಎರಡೂ ಪೂರ್ಣ ಸತ್ಯವಲ್ಲ.

ಕೋಡಿಯನ್ನು ದಾಟಿದ ಮೇಲೆ ಏರಿಯು ಮುಗಿದು ಕೆರೆಯ ಹಿಂಬದಿಯ ಬಯಲು ಸಿಕ್ಕುತ್ತದೆ. ಊರಿನವರು ಸಾಧಾರಣವಾಗಿ ಇತ್ತ ಬರುವದಿಲ್ಲ. ಇಲ್ಲಿ ಕುರಿ ಕಾಯುವವನಿದ್ದಾನೆ, ಬಲೆ ಒಣಗಿಸುವ ಬೆಸ್ತನಿದ್ದಾನೆ, ನೀರು ಹಿಂದೆ ಸರಿದಂತೆ ಅಂಗಳದಲ್ಲಿ ಏನಾದರೂ ಬಿತ್ತಿಕೊಳ್ಳುವ ಭೂಮಿಯಿಲ್ಲದವನಿದ್ದಾನೆ. ಕೆರೆಯಲ್ಲಿ ನೀರು ಹೆಚ್ಚಾದರೆ ಗದ್ದೆಯವನಿಗೆ ಸಂತೋಷ, ಅಂಗಳದಲ್ಲಿ ಬಿತ್ತಿದವನಿಗೆ ನಷ್ಟ. ಬೇಸಿಗೆಯಲ್ಲಿ ಬಂಡಿಗಳು ಇಲ್ಲಿಂದ ಗೋಡುಮಣ್ಣನ್ನು ಹೊಲಗಳಿಗೆ ಹೊತ್ತುಕೊಂಡು ಹೋಗುತ್ತಿದ್ದವು. ಅದರಿಂದ ಹೊಲಕ್ಕೆ ಗೊಬ್ಬರವಾಗಿ, ಕೆರೆಗೆ ಆಳವೂ ಆಗುತ್ತಿತ್ತು. ಆ ಕೆಲಸ ನಿಂತುಹೋದ ಕಡೆಯಲ್ಲಿ ಹೂಳು ತುಂಬಿ, ಏರಿಯ ಮೇಲಿಂದ ನೋಡುವವನಿಗೆ ಅಗಲವಾದ ನೀರು ಕಂಡರೂ, ಹಿಂಬದಿಯಲ್ಲಿ ನಡೆದವನಿಗೆ ಅದು ಮೊಣಕಾಲುದ್ದವೆಂದು ತಿಳಿಯುತ್ತದೆ. ಇನ್ನೂ ಮೇಲೆ, ನೀರು ಬರುವ ಹಳ್ಳದ ಇಕ್ಕೆಲದಲ್ಲಿ ನೀಲಗಿರಿ ತೋಪುಗಳನ್ನು ಹಾಕಿದ್ದರು. ಅದು ನೆಲದ ತೇವವನ್ನು ಹೀರುತ್ತದೆಂಬ ದೂರು ಬಹುಕಾಲ ಇದ್ದು, ೨೦೧೭ರಲ್ಲಿ ಸರ್ಕಾರವು ಹೊಸದಾಗಿ ನೆಡುವದನ್ನು ನಿಷೇಧಿಸಿತು.

ಆ ಹಳ್ಳದ ಬಾಯಲ್ಲಿ ನಿಂತಾಗ ನಮ್ಮ ಕಾಲದ ಒಂದು ಸಂಗತಿಯನ್ನು ಹೇಳದೆ ಇರಬಾರದು. ೨೦೧೮ನೇ ಇಸವಿಯಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಹೊಲಸು ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕೊಳವೆಗಳ ಮೂಲಕ ಏರಿಸಿ, ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದ ಆ ನೀರು ಕೋಡಿಯಿಂದ ಕೋಡಿಗೆ ಹರಿದು ನೂರಕ್ಕೆ ಮಿಕ್ಕ ಕೆರೆಗಳನ್ನು ತುಂಬಬೇಕೆಂಬದು ಯೋಜನೆ. ಒಣಗಿದ ಕೆರೆಗಳು ತುಂಬಿದವು, ಬಾವಿಗಳಲ್ಲಿ ನೀರು ಏರಿತು, ಹಿಗ್ಗಿದವರು ಅನೇಕರು. ಮೂರನೆಯ ಹಂತದ ಶುದ್ಧಿಯಿಲ್ಲದೆ ಬಿಡುವದು ಸರಿಯಲ್ಲವೆಂದು ಕೋರ್ಟಿಗೆ ಹೋದವರೂ ಉಂಟು. ಬೆಂಗಳೂರಿನಲ್ಲಿ ನಿಂತವನು ನಾವು ನೀರು ಕೊಟ್ಟೆವೆನ್ನುತ್ತಾನೆ. ಕೋಲಾರದಲ್ಲಿ ನಿಂತವನು ನೀವು ತೊಳೆದು ಬಿಟ್ಟದ್ದು ನಮಗೆ ಬಂತೆನ್ನುತ್ತಾನೆ. ಕೊಟ್ಟವನು ಸುತ್ತಿ ಬಂದು ತೆಗೆದುಕೊಂಡವನ ದಡದಲ್ಲಿ ನಿಂತು ನೋಡುವ ತನಕ ಅದು ದಾನವೋ ಭಾರವೋ ಎಂದು ಅವನಿಗೆ ತಿಳಿಯದು.

ಇಷ್ಟು ನಡೆದು ನಾವು ತಿರುಗಿ ಊರಿನ ಕಡೆಗೆ ಬರುತ್ತೇವೆ. ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನಿಜವನ್ನು ಹೇಳುವವರೇ ಅನ್ಯಾಯವನ್ನು ಮಾಡುವದು ಹೇಗಂದರೆ, ಪ್ರತಿಯೊಬ್ಬನು ತಾನು ನಿಂತ ಸ್ಥಳದ ನಿಜವನ್ನು ಇಡೀ ಕೆರೆಯ ನಿಜವೆಂದು ನಂಬುವದರಿಂದ. ಸುಳ್ಳನ್ನು ಸಾಕ್ಷಿಯಿಂದ ಮುರಿಯಬಹುದು. ಅರೆನಿಜವನ್ನು ಮುರಿಯುವದಕ್ಕೆ ನಡೆಯುವದರ ಹೊರತು ಬೇರೆ ಉಪಾಯವಿಲ್ಲ.

ಆದರೆ ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಮೊದಲನೆಯದು: ಸುತ್ತಿದವನು ಎಲ್ಲಾ ಕಡೆಯನ್ನೂ ಕಂಡನು, ಆದರೆ ಎಲ್ಲಿಯೂ ನಿಲ್ಲಲಿಲ್ಲ, ಕೊನೆಯ ಗದ್ದೆಯ ಬಿರುಕನ್ನು ನೋಡಿ ಅಯ್ಯೋ ಎಂದು ಹೇಳಿ ಮನೆಗೆ ಹೋಗಿ ಉಣ್ಣುವನು, ಗದ್ದೆಯವನಾದರೋ ಅಲ್ಲೇ ಇರುವನು. ಈ ಮಾತು ಸತ್ಯ. ನೋಡಿದ್ದು ಅನುಭವಿಸಿದ್ದಕ್ಕೆ ಸಮವಲ್ಲ. ಆದಕಾರಣ ಒಬ್ಬನೇ ಸುತ್ತುವದಕ್ಕಿಂತ ಆ ಗದ್ದೆಯವನನ್ನು ಜತೆಗೆ ಕರೆದುಕೊಂಡು ಸುತ್ತುವದು ಉತ್ತಮ. ತುಂಬಿದ ಕಾಲದಲ್ಲಿ ಮಾತ್ರವಲ್ಲದೆ ಒಣಗಿದ ಕಾಲದಲ್ಲಿಯೂ ಸುತ್ತಬೇಕು. ಮಾತಾಡುವದಕ್ಕಿಂತ ಹೆಚ್ಚಾಗಿ ಕೇಳಬೇಕು. ನಡಿಗೆಯು ನ್ಯಾಯವಲ್ಲ, ನ್ಯಾಯದ ಬಾಗಿಲು. ಬಾಗಿಲಲ್ಲಿಯೇ ನಿಂತವನು ಒಳಗೆ ಬಂದವನಲ್ಲ. ಆದರೆ ಬಾಗಿಲಿಲ್ಲದೆ ಒಳಗೆ ಬರುವದು ಹೇಗೆ?

ಎರಡನೆಯದು: ಎಲ್ಲರ ಕಡೆಯನ್ನೂ ಕಂಡವನು ಯಾವದನ್ನೂ ತೀರ್ಮಾನಿಸಲಾರನು, ಮೇಲಿನವನೂ ಸರಿ, ಕೆಳಗಿನವನೂ ಸರಿ ಎಂದು ಕೈಕಟ್ಟಿ ಕೂತುಕೊಳ್ಳುವನು. ನಾವು ಹಾಗೆ ಎಣಿಸುವದಿಲ್ಲ. ಎಲ್ಲವನ್ನು ಕಂಡಾದ ಮೇಲೆ ಲೆಕ್ಕವನ್ನು ಕೊನೆಯವನಿಂದ ಪ್ರಾರಂಭಿಸಬೇಕು. ಯಾತಕ್ಕೆಂದರೆ ಹಂಚಿಕೆಯಲ್ಲಿ ತಪ್ಪಾಗಿ ಮೇಲಿನವನಿಗೆ ಕಡಿಮೆಯಾದರೆ, ಅವನು ತೂಬಿನ ಬಳಿಯಲ್ಲೇ ಇದ್ದಾನೆ. ಆ ತಪ್ಪನ್ನು ಅಂದೇ ಕಂಡುಕೊಂಡು ಕೂಗುವನು, ಅವನ ಕೂಗು ಕೇಳಿಸುವದು. ಕೊನೆಯವನಿಗೆ ಕಡಿಮೆಯಾದರೆ ಪೈರು ಒಣಗಿದ ಮೇಲೆಯೇ ತಿಳಿಯುವದು, ಆಗ ಕೂಗಿದರೂ ಪ್ರಯೋಜನವಿಲ್ಲ. ತನ್ನನ್ನು ತಾನೇ ಸರಿಮಾಡಿಕೊಳ್ಳಲಾರದ ತಪ್ಪಿಗೆ ಹೆಚ್ಚು ಹೆದರಬೇಕು. ಇದು ದಯೆಯ ಮಾತಲ್ಲ, ಲೆಕ್ಕದ ಮಾತೇ.

ಕೊನೆಯಲ್ಲಿ ವಾಚಕರಿಗೆ ಒಂದು ಮಾತು. ಈಗ ಈ ಸೀಮೆಯಲ್ಲಿ ತೂಬಿನಿಂದ ಬರುವ ನೀರಿಗಿಂತ ಕೊಳವೆಬಾವಿಯಿಂದ ಎತ್ತುವ ನೀರೇ ಹೆಚ್ಚು; ಸಾವಿರ ಅಡಿಗೂ ಮೀರಿ ಕೊರೆದ ಬಾವಿಗಳುಂಟು. ನನ್ನ ಹೊಲದಲ್ಲಿ ನನ್ನ ಹಣದಿಂದ ಕೊರೆಯಿಸಿದ್ದೇನೆ, ಕೇಳುವವರಾರು ಎಂದು ಬಾವಿಯವನು ಹೇಳುತ್ತಾನೆ. ಹಣವು ಅವನದೇ, ಹೊಲವು ಅವನದೇ. ಆದರೆ ನೆಲದ ಕೆಳಗಿನ ನೀರಿಗೆ ಬೇಲಿಯಿಲ್ಲ. ಅದು ಕೆರೆಯಲ್ಲಿ ನಿಂತು ಇಂಗಿದ ನೀರು. ಆ ಕೆರೆಗೆ ಮಣ್ಣು ಹೊತ್ತವರು ಹೆಸರಿಲ್ಲದ ಸಾವಿರ ಮಂದಿ. ಕೊರೆಯಿಸುವದಕ್ಕೆ ಹಣವಿಲ್ಲದ ನೆರೆಯವನು ಈಗಿನ ಕಾಲದ ಕೊನೆಯ ಗದ್ದೆಯವನು. ಒಂದು ಕಾಲದಲ್ಲಿ ಕೊಡ ಹಿಡಿದು ದೂರದಲ್ಲಿ ಕಾದವರ ಮಕ್ಕಳಲ್ಲಿ ಕೆಲವರು ಓದಿದ್ದಾರೆ, ಕೆಲಸಕ್ಕೆ ಸೇರಿದ್ದಾರೆ, ಹೊಲ ಕೊಂಡಿದ್ದಾರೆ, ಬಾವಿಯನ್ನೂ ಕೊರೆಯಿಸಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಕಾದ ಕುಲದಲ್ಲಿ ಹುಟ್ಟಿದವನಿಗೂ, ತೂಬಿನ ಬಳಿಯಲ್ಲಿ ಸ್ಥಳ ಸಿಕ್ಕಿದ ಮೇಲೆ ಕೊನೆಯ ಗದ್ದೆ ಕಾಣದೆ ಹೋಗುವದುಂಟು. ಹಿಂದೆ ಅನ್ಯಾಯವನ್ನು ಅನುಭವಿಸಿದ್ದು ಮುಂದೆ ನ್ಯಾಯವನ್ನು ಮಾಡುವದಕ್ಕೆ ತಾನಾಗಿ ಕಲಿಸುವದಿಲ್ಲ, ಅದಕ್ಕೂ ನಡೆಯಬೇಕು.

ಆದದರಿಂದ ಬರುವ ವಾರ ಒಂದು ಬೆಳಿಗ್ಗೆ ನಿಮ್ಮ ಊರಿನ ಕೆರೆಯನ್ನು ಸುತ್ತಿರಿ. ಯಾರ ಮೇಲೆ ನಿಮಗೆ ನೀರಿನ ವಿಷಯವಾಗಿ ಮನಸ್ತಾಪವಿದೆಯೋ ಅವನನ್ನೇ, ಬಾರಯ್ಯಾ, ಒಂದು ಸುತ್ತು ಹೋಗಿ ಬರೋಣ, ಎಂದು ಕರೆಯಿರಿ. ಅವನ ಹೊಲದ ಬಳಿಯಲ್ಲಿ ಅವನು ಹೇಳಲಿ, ನೀವು ಕೇಳಿರಿ. ನಿಮ್ಮ ಹೊಲದ ಬಳಿಯಲ್ಲಿ ನೀವು ಹೇಳಿರಿ, ಅವನು ಕೇಳಲಿ. ಸುತ್ತು ಮುಗಿಯುವ ತನಕ ಇಬ್ಬರೂ ತೀರ್ಪನ್ನು ಹೇಳಬಾರದು.